ಕಪ್ಪೇರಿಸಿದ ರಿವಾಲ್ವರು

ಕೆಂಪು ಕಪ್ಪಾಗುತ್ತಿದೆ, ಅದೋ ತುದಿಯಿಂದಲೇ ಶುರುವಾಯಿತು, ಉದ್ದನೆಯ ತಗಡಿನ ತೊಟ್ಟಿಯಲ್ಲಿ ನೀರು ಗುಳುಗುಳು ಕುದಿಯುತ್ತಿದೆ, ಸ್ಟವ್ವಿನ ಭರ್ರೆನ್ನುವ ಸದ್ದಿನಲ್ಲಿ ತುಮಕೂರಿನ ಮಂಡಿಪೇಟೆಯ ಗಾಡಿಗಳ ಸದ್ದು ಮುಳುಗಿಹೋಗಿದೆ, ತಂತಿಗೆ ನೇತುಬಿದ್ದ ರಿವಾಲ್ವರಿನ ನಳಿಗೆಯ ಮೇಲಿನ ತುಕ್ಕು ಚಿಕ್ಕಬೋರಯ್ಯನ ಕಣ್ಣೆದುರಿಗೇ ಬಣ್ಣ ತಿರುಗುತ್ತಿದೆ, ಇದು ಐದನೇ ಸಲ, ಇನ್ನು ಬೇಕಿಲ್ಲ — ನಿನ್ನೆ ಸಂಜೆ ಕುಣಿಗಲ್ಲಿನಿಂದ ಬಂದವನೇ ಮನೆಗೂ ಹೋಗದೆ ಬಂದೂಕಿನಂಗಡಿಯ ಬಾಗಿಲು ತೆಗೆದು, ಅಂಗಿಯನ್ನೂ ಬದಲಿಸದೆ, ಹತ್ತಿಯುಂಡೆಯಲ್ಲಿ ಇದಕ್ಕೆ ಆಸಿಡ್ಡು ಸವರಿ, ತುಕ್ಕು ಏಳಲಿ ಅಂತ ಒದ್ದೆ ಗೋಣಿಯ ಮಗ್ಗುಲಲ್ಲಿ ಇಟ್ಟು ಹೋಗಿದ್ದ, ಯಾಕೆ ಅಷ್ಟು ಅವಸರ, ಕೈಗೆ ಏನಾದರೂ ಕೆಲಸ ಬೇಕಾಗಿತ್ತು, ಅಷ್ಟೆ. ತಾನಾಗಿ ಬಂದ ತುಕ್ಕು ಕಬ್ಬಿಣ ತಿಂತದೆ ಕಣ್ಲಾ, ನಾವು ಬರಿಸಿ ಕುದಿಸಿದ ತುಕ್ಕು ಕಬ್ಬಿಣ ಕಾಯ್ತದೆ ಅಂತ ಹೇಳಿಕೊಟ್ಟದ್ದು ಅಂಜನಪ್ಪ ಮೇಸ್ತ್ರಿ, ಮೂವತ್ತು ವರ್ಷದ ಹಿಂದೆ, ಇದೇ ತೊಟ್ಟಿಯ ಮುಂದೆ, ಬರಿಗೈಲಿ ಮುಟ್ಬೇಡ, ಬೆವರಿನ ಉಪ್ಪು ಸಾಕು ಅದಕ್ಕೆ, ಒಂದು ಬೆರಳಚ್ಚು ಬಿದ್ರೂ ನಾಳೆ ಅಲ್ಲೇ ಕೆಂಪು ಏಳ್ತದೆ. ಮೇಸ್ತ್ರಿ ಹೇಳಿದ್ದೆಲ್ಲ ಅವನಿಗೆ ಬಾಯಿಪಾಠ. ಗೊತ್ತಿಲ್ಲದೆ ಮಾಡಿದ್ದಾದರೆ ಆ ಮಾತು ಬೇರೆ, ಗೊತ್ತಿತ್ತು, ಎಲ್ಲ ಗೊತ್ತಿತ್ತು.

ಹೋದ ಸೋಮವಾರ ಪಟ್ಟಾಭಿರಾಮರು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟಾಗಲೇ ಅವನಿಗೆ ಗುರುತು ಸಿಕ್ಕಿತ್ತು, ಹಿಡಿಯ ಮರದ ಮೇಲಿನ ಆ ಸೀಳು, ಗುಬ್ಬಿಯ ನಾರಿನ ಕಾರ್ಖಾನೆಯ ರಿವಾಲ್ವರು, ಎಂಟು ವರ್ಷದಿಂದ ಅಂಗಡಿಗೆ ಬಂದಿರಲಿಲ್ಲ, ಕಾರ್ಖಾನೆಯ ಯಜಮಾನರು ಶ್ರೀಕಂಠಯ್ಯನವರು ತೀರಿಕೊಂಡ ಮೇಲೆ ಲೈಸೆನ್ಸು ಮಗ ಪಟ್ಟಾಭಿರಾಮರ ಹೆಸರಿಗೆ ಬಂದಿದೆ, ಹೊಸದರ ಥರ ಕಾಣಬೇಕು ಬೋರಯ್ಯನೋರೆ ಅಂದರು ಪಟ್ಟಾಭಿರಾಮರು, ಮಾಡಣ ಸಾರ್ ಅಂದ. ಮಾರನೆಯ ದಿನ ಎಲ್ಲ ಬಿಚ್ಚಿ, ಆರು ಗುಂಡಿನ ಸಿಲಿಂಡರನ್ನು ಕಳಚಿ, ಅದು ತಿರುಗುವ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಲ್ಲಿತ್ತು, ಅಡ್ಡಾದಿಡ್ಡಿ ಗೀರು, ಒರಟು ಉಪ್ಪುಕಾಗದ ಹಾಕಿ ಗಾಬರಿಯಲ್ಲಿ ಉಜ್ಜಿದವನ ಗೀರು, ಬೇರೆ ಯಾವ ಕೆಲಸಗಾರ ಮಾಡಿದ್ದರೂ ಥೂ ಅನ್ನುತ್ತಿದ್ದ. ಎಪ್ಪತ್ತೇಳರ ಬೇಸಿಗೆ, ವರ್ಷಕ್ಕೊಮ್ಮೆಯ ಸರ್ವೀಸಿಗೆ ಬಂದಿತ್ತು ಇದು, ಗನ್ನಿನ ಎಣ್ಣೆಯ ಸೀಸೆ ಖಾಲಿಯಾಗಿತ್ತು, ಊಟದ ಹೊತ್ತಾಗಿತ್ತು, ಇಷ್ಟೇ, ಇದಕ್ಕಿಂತ ದೊಡ್ಡ ಕಾರಣವನ್ನು ಎಂಟು ವರ್ಷ ಹುಡುಕಿದರೂ ಸಿಕ್ಕಿಲ್ಲ, ಒಳಗೆ ಬಿಚ್ಚದೆ ಮೇಲೆ ಮೇಲೆ ಒರೆಸಿ, ಮನೆಯಿಂದ ತಂದ ಕೊಬ್ಬರಿ ಎಣ್ಣೆಯ ನಾಲ್ಕು ತೊಟ್ಟು ಬಿಟ್ಟು, ಪೂರ್ತಿ ಬಿಚ್ಚಿ ನೋಡಲಾಗಿದೆ ಅಂತ ಕಾರ್ಡಿನಲ್ಲಿ ಸಹಿ ಹಾಕಿ ಕಳಿಸಿದ್ದ. ಕೊಬ್ಬರಿ ಎಣ್ಣೆ ಆರಿದರೆ ಅಂಟು, ಅಂಟಿನ ಮೇಲೆ ಧೂಳು, ಅದರಡಿಯಲ್ಲಿ ತುಕ್ಕು, ಮೇಲೆ ಚರ್ಮದ ಚೀಲದ ಪಸೆ ಬೇರೆ. ಎರಡು ತಿಂಗಳಿಗೆ ಸರಿಯಾಗಿ ಗುಬ್ಬಿ ರಸ್ತೆಯಲ್ಲಿ ಕಾರ್ಖಾನೆಯ ಜೀಪಿಗೆ ನಾಲ್ಕು ಜನ ಅಡ್ಡ ಹಾಕಿದರು, ಒಳಗೆ ಸಂಬಳದ ಚೀಲ ಹಿಡಿದ ಕ್ಯಾಷಿಯರ್ ವೆಂಕಟೇಶಯ್ಯ, ಅವರ ಪಕ್ಕದಲ್ಲಿ ಗಾರ್ಡು ಚನ್ನವೀರಯ್ಯ, ಹದಿನೈದು ವರ್ಷ ಮಿಲ್ಟ್ರಿಯಲ್ಲಿ ಇದ್ದು ಬಂದವನು, ಇಳಿದು ನಿಂತು ರಿವಾಲ್ವರು ಎತ್ತಿ ಹಿಡಿದ, ಸಿಡಿಯಲಿಲ್ಲ, ಮಚ್ಚಿನ ಏಟು ವೆಂಕಟೇಶಯ್ಯನ ಭುಜಕ್ಕೆ ಬಿತ್ತು, ಆ ಕೈ ಮತ್ತೆ ಮೇಲೇಳಲೇ ಇಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರ್ಖಾನೆಯ ಮ್ಯಾನೇಜರು ಅಂಗಡಿಗೆ ನುಗ್ಗಿ, ಇದಕ್ಕೇನಾಗಿದೆ ನೋಡ್ರಿ, ಇನ್ಸ್‌ಪೆಕ್ಟ್ರು ಬರ್ತಾರೆ ಅಂತ ಹೇಳಿ ಇಟ್ಟು ಹೋದರು, ಸಿಲಿಂಡರು ಹಿಡಿದು ತಿರುಗಿಸಿದ, ಜಪ್ಪಯ್ಯ ಅನ್ನಲಿಲ್ಲ. ಆಗ ಅವನು ಯೋಚಿಸಲಿಲ್ಲ, ಅದೇ, ಕೈ ತಾನೇ ಹೋಯಿತು, ಸೀಮೆಎಣ್ಣೆಯಲ್ಲಿ ಅದ್ದಿತು, ಕಡ್ಡಿಯನ್ನು ಬಡಿದು ಕಿತ್ತಿತು, ಉಜ್ಜಿತು, ಉಜ್ಜಿತು — ಸುಳ್ಳು, ಕೈ ಯಾಕೆ ತಾನೇ ಹೋಗುತ್ತದೆ, ಕಾರ್ಡು ಕಣ್ಣ ಮುಂದೆ ಇತ್ತು, ಅದರ ಮೇಲಿನ ತನ್ನ ಸಹಿ ಇತ್ತು, ಕೆಲಸ ಹೋಗುತ್ತದೆ ಅಂತ ಹೆದರಿದ, ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡದ್ದೂ ಅವನೇ. ಇನ್ಸ್‌ಪೆಕ್ಟರು ಬಂದಾಗ ಆರು ಸಲ ಟಿಕ್ ಟಿಕ್ ಅನ್ನಿಸಿ ತೋರಿಸಿದ, ಸರಿಯಾಗಿದೆ ಸ್ವಾಮಿ ಅಂದ, ಅವರ ಹಿಂದೆ ರಕ್ತದ ಕಲೆಯ ಖಾಕಿಯಲ್ಲೇ ನಿಂತಿದ್ದ ಚನ್ನವೀರಯ್ಯ, ಬೋರಣ್ಣಾ, ಇನ್ನೊಂದ್ಕಿತ ನೋಡಣ್ಣಾ, ತಿರುಗ್ಲಿಲ್ಲ ಕಣಣ್ಣಾ ಅದು ಅಂದ, ಚಿಕ್ಕಬೋರಯ್ಯ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ನೀರಿನಿಂದ ಎತ್ತಬೇಕು ಈಗ, ಹೆಚ್ಚು ಹೊತ್ತು ಬಿಡಬಾರದು, ಬಟ್ಟೆ ಸುತ್ತಿದ ಕೈಯಲ್ಲಿ ತಂತಿ ಹಿಡಿದು ಎತ್ತಿದರೆ ಬಿಸಿಗೆ ನೀರು ತಾನೇ ಆರಿಹೋಗುತ್ತದೆ, ಮೇಲೆ ಮಸಿಯಂತೆ ಕೂತ ಪುಡಿಯನ್ನು ಮೆತ್ತನೆಯ ತಂತಿ ಬ್ರಷ್ಷಿನಿಂದ ಉದುರಿಸುತ್ತಾನೆ, ಅಡಿಯಿಂದ ನೇರಳೆಯಂಥ ಕಪ್ಪು ಏಳುತ್ತದೆ, ಚೆನ್ನಾಗಿ ಬಂದಿದೆ, ಥೂ, ಚೆನ್ನಾಗಿ ಬಂದಿದೆ ಅನ್ನುವ ಖುಷಿ ಈಗಲೂ ಬರುತ್ತದಲ್ಲ ಈ ಹಾಳು ಮನಸ್ಸಿಗೆ. ಕೆಲಸ ಹೋದದ್ದು ಚನ್ನವೀರಯ್ಯನದು. ಠುಸ್ ಮಿಲ್ಟ್ರಿ ಅಂತ ಹೆಸರು ಬಿತ್ತು ಊರಲ್ಲಿ, ಗುಬ್ಬಿಯವರು ಯಾರೋ ಇದೇ ಅಂಗಡಿಯಲ್ಲಿ ಕೂತು ಹೇಳಿ ನಕ್ಕಿದ್ದರು, ಚಿಕ್ಕಬೋರಯ್ಯನೂ ನಕ್ಕಿದ್ದ, ಸಣ್ಣಗೆ, ನಗದಿದ್ದರೆ ಗೊತ್ತಾದೀತು ಅಂತ. ಆ ಗೀರು ಕಂಡ ಮೇಲೆ ನಾಲ್ಕು ದಿನ ತಟ್ಟೆಯಲ್ಲೇ ಅನ್ನ ಬಿಟ್ಟು ಎದ್ದ, ಏನಾಗಿದೆ ನಿಮಗೆ ಅಂದಳು ಹೆಂಡತಿ ಚೆನ್ನಮ್ಮ, ಪಿತ್ತ ಅಂದ, ನಿನ್ನೆ ಭಾನುವಾರ ಚನ್ನವೀರಯ್ಯನ ಊರಿಗೆ ಅಂತ ಕುಣಿಗಲ್ಲಿನ ಮೊದಲ ಬಸ್ಸಿಗೇ ಹತ್ತಿಬಿಟ್ಟ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡದ್ದೇ ಜೋಡಿಸಿಕೊಂಡದ್ದು, ಒಂದು ತಪ್ಪಾಯ್ತು ಚನ್ನವೀರಣ್ಣ, ಒಂದಲ್ಲ ಎರಡು, ಎಣ್ಣೆಯದೊಂದು, ಉಜ್ಜಿದ್ದೊಂದು, ಇಲ್ಲ ಮೂರು, ನಕ್ಕದ್ದೊಂದು, ಕುಣಿಗಲ್ಲಿನಲ್ಲಿ ಇಳಿದಾಗ ಒಂದು ಮಾತೂ ಬಾಯಲ್ಲಿ ಉಳಿದಿರಲಿಲ್ಲ, ಎರಡು ಮೈಲಿ ನಡೆದ, ರಾಗಿ ಹೊಲದ ಅಂಚಿನಲ್ಲಿ ಹೆಂಚಿನ ಮನೆ, ಜಗಲಿಯ ಮೇಲೆ ಕೂತು ಚನ್ನವೀರಯ್ಯ ಹಗ್ಗ ಹೊಸೆಯುತ್ತಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು, ಗುರುತು ಹಿಡಿದು ಎದ್ದು ನಿಂತ, ಓ ಬೋರಣ್ಣ, ಬಾ ಬಾ, ಏನಣ್ಣ ಇಷ್ಟು ದೂರ, ಲೇ ನರಸಿಂಹಮ್ಮ, ಕಾಫಿ ತಾರೇ, ತುಮಕೂರಿಂದ ನಮ್ಮಣ್ಣ ಬಂದವ್ನೆ. ನಮ್ಮಣ್ಣ ಅಂದ. ಕಾಫಿ ಬಂತು, ಬೆಲ್ಲದ ಕಾಫಿ, ಅರ್ಧ ಲೋಟ ಕುಡಿದ ಮೇಲೆ ಹೇಳಿದ.

ಹೇಗೆ ಹೇಳಿದ, ನೆನಪಿಲ್ಲ, ನೆಲ ನೋಡಿಕೊಂಡು ಹೇಳಿದ, ಕೊಬ್ಬರಿ ಎಣ್ಣೆ ಅಂದ, ಊಟದ ಹೊತ್ತು ಅಂದ, ಸೀಮೆಎಣ್ಣೆ, ಉಪ್ಪುಕಾಗದ, ಬಾಗಿಲು ಎಳ್ಕೊಂಡಿದ್ದೆ ಅಂದ, ಅದು ತಿರುಗ್ತಿರಲಿಲ್ಲ ಚನ್ನವೀರಣ್ಣ, ನೀನ್ ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು. ಬಾಗಿಲಲ್ಲಿ ನಿಂತಿದ್ದ ನರಸಿಂಹಮ್ಮ ಹೊರಗೆ ಬಂದು ಅವನ ಕೈಲಿದ್ದ ಅರ್ಧ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು, ಆ ಬಿಸಿ ಲೋಟ ಹೋದ ಮೇಲೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆಯಲಿ, ಅದಕ್ಕೇ ಬಂದದ್ದು. ಚನ್ನವೀರಯ್ಯ ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕೆ ಇಟ್ಟ. ಆಮೇಲೆ ಹೇಳಿದ, ಮೆಲ್ಲಗೆ, ಬೇರೆ ಯಾರದೋ ಸಂಗತಿ ಹೇಳುವವನಂತೆ, ಮೊದಮೊದಲು ನಾನೂ ಬಡ್ಕೊಂಡೆ ಕಣಣ್ಣ, ತಿರುಗ್ಲಿಲ್ಲ ತಿರುಗ್ಲಿಲ್ಲ ಅಂತ, ಯಾರೂ ನಂಬ್ಲಿಲ್ಲ, ಬರ್ತಾ ಬರ್ತಾ ನಂಗೇ ಅನುಮಾನ ಬಂತು, ನಾನು ಟ್ರಿಗರ್ ಎಳ್ದೇ ಇಲ್ವೇನೋ, ಹೆದರಿ ಕೈ ಸತ್ತೋಯ್ತೇನೋ ಅಂತ, ಒಪ್ಕೊಂಬುಟ್ಟೆ, ನಾನು ಪುಕ್ಲನೇ ಅಂತ ಒಪ್ಕೊಂಡ್ಮೇಲೆ ನಿದ್ದೆ ಬರಕ್ಕೆ ಶುರುವಾಯ್ತು. ಬರ್ಕೊಂಡ್ ಬಂದಿದೀನಿ ಚನ್ನವೀರಣ್ಣ, ಸ್ಟೇಷನ್‌ಗೂ ಬರ್ತೀನಿ, ಊರ ಮುಂದೆ ನಿಂತು ಹೇಳ್ತೀನಿ ಅಂದ ಚಿಕ್ಕಬೋರಯ್ಯ, ಎಲ್ಲ ಬರೆದ ಕಾಗದ ಜೇಬಲ್ಲೇ ಇತ್ತು. ಬುಡು, ಯಾರಿಗೆ ತೋರಿಸ್ಲಿ, ವೆಂಕಟೇಶಯ್ಯನೋರು ಹೋದ್ ಕಾರ್ತೀಕದಲ್ಲಿ ತೀರ್ಕೊಂಡ್ರು, ನಾಕು ಸಲ ಹೋಗಿದ್ದೆ ಮಾತಾಡ್ಸಕ್ಕೆ, ಗೋಡೆ ಕಡೆ ಮುಖ ತಿರುಗಿಸ್ಕೊಳ್ಳೋರು, ಅವರೊಬ್ರಿಗೆ ತೋರಿಸ್ಬೇಕಾಗಿತ್ತು ಕಣಣ್ಣ. ಅಷ್ಟೇ. ಚನ್ನವೀರಯ್ಯ ತೊಡೆಯ ಮೇಲೆ ಇಟ್ಟಿದ್ದ ಬಲಗೈಯನ್ನು ನೋಡಿಕೊಂಡ, ಆ ಕೈಯ ತೋರುಬೆರಳು ಸುಮ್ಮನೆ ಮಡಿಚಿಕೊಂಡಿತು, ಬಿಟ್ಟುಕೊಂಡಿತು, ಮತ್ತೆ ಮಡಿಚಿಕೊಂಡಿತು, ಗಾಳಿಯಲ್ಲಿ ಏನನ್ನೋ ಎಳೆಯುವಂತೆ. ಚಿಕ್ಕಬೋರಯ್ಯ ಕಾಗದವನ್ನು ಜಗಲಿಯ ಮೇಲಿಟ್ಟು ಕಲ್ಲು ಹೇರಿ ಬಂದ, ಕೆಳಗೆ ಸಹಿ ಇತ್ತು, ಈ ಸಲದ ಸಹಿ ನಿಜದ್ದು, ಆದರೆ ಅದನ್ನು ಯಾರೂ ಮುಟ್ಟಲಿಲ್ಲ.

ಎಣ್ಣೆ. ಬಿಸಿ ಇರುವಾಗಲೇ ಎಣ್ಣೆ ಕುಡಿಸಬೇಕು, ಸೀಸೆ ತುಂಬಿದೆ, ಈಗ ಯಾವಾಗಲೂ ಎರಡು ಸೀಸೆ ತುಂಬಿರುತ್ತವೆ, ಕಡ್ಡಿಯನ್ನು ನಯವಾದ ಕಾಗದದಲ್ಲಿ ಮೂರು ದಿನ ಉಜ್ಜಿ ಗೀರು ತೆಗೆದಿದ್ದಾನೆ, ಒಂದೊಂದೇ ಜೋಡಿಸಿ ಮುಗಿಸುವ ಹೊತ್ತಿಗೆ ಪಟ್ಟಾಭಿರಾಮರ ಸ್ಕೂಟರು ಬಾಗಿಲಲ್ಲಿ ನಿಂತಿತು, ಅಬ್ಬಬ್ಬ, ಹೊಸದೇ ಕೊಟ್ಟಂಗಿದೆಯಲ್ರೀ ಅಂದರು, ಖಾಲಿ ರಿವಾಲ್ವರನ್ನು ಗೋಡೆಗೆ ಹಿಡಿದು ಎಳೆದರು, ಟಿಕ್, ಬೆಣ್ಣೆ ಹಂಗೆ ತಿರುಗತ್ತೆ. ಸಾರ್, ಆವತ್ತು ಇದು ಕೆಟ್ಟಿತ್ತು, ಕೆಡಿಸಿದ್ದೂ ನಾನೇ, ಮುಚ್ಚಿದ್ದೂ ನಾನೇ, ಚನ್ನವೀರಯ್ಯ ಹೆದರಿದ್ದಲ್ಲ ಸಾರ್, ಚಿಕ್ಕಬೋರಯ್ಯ ಹೇಳಿಯೇಬಿಟ್ಟ. ಯಾವ ಚನ್ನವೀರಯ್ಯ, ಓ, ಆ ಗಾರ್ಡಾ, ಅಪ್ಪಾಜಿ ಕಾಲದ್ದು ಅದು, ಈಗ್ಯಾಕ್ರೀ ಬೋರಯ್ಯನೋರೆ, ಇದನ್ನ ಚರ್ಮದ ಚೀಲದಲ್ಲೇ ಇಡಬಹುದಾ. ಬೇಡಿ ಸಾರ್, ಚರ್ಮ ಪಸೆ ಎಳ್ಕೊಳ್ಳತ್ತೆ, ಎಣ್ಣೆ ಬಟ್ಟೇಲಿ ಸುತ್ತಿಡಿ, ಮುಟ್ಟಿದ್ಮೇಲೆ ಒರೆಸಿ, ತಿಂಗಳಿಗೊಂದ್ಸಲ ತೆಗೆದು ನೋಡಿ, ಬಾಯಿ ತಾನೇ ಹೇಳುತ್ತಿದೆ, ಪಟ್ಟಾಭಿರಾಮರು ತಲೆದೂಗುತ್ತ ಇನ್ನೊಮ್ಮೆ ಎಳೆಯುತ್ತಾರೆ, ಟಿಕ್, ಮತ್ತೊಮ್ಮೆ, ಟಿಕ್, ಚಿಕ್ಕಬೋರಯ್ಯನಿಗೆ ರಿವಾಲ್ವರು ಕಾಣುತ್ತಿಲ್ಲ, ಗೋಡೆ ಕಾಣುತ್ತಿಲ್ಲ, ಜಗಲಿ, ತೊಡೆಯ ಮೇಲೆ ಒಂದು ಕೈ, ನಾರಿನ ಎಳೆ ಅಂಟಿಕೊಂಡ ಒಂದು ಬೆರಳು, ಮಡಿಚಿಕೊಳ್ಳುತ್ತದೆ, ಬಿಟ್ಟುಕೊಳ್ಳುತ್ತದೆ, ಸದ್ದಿಲ್ಲ, ಮಡಿಚಿಕೊಳ್ಳುತ್ತದೆ —