ನೆನೆದ ಅವರೆ ಮತ್ತು ಜೈನಬ್ ಬೀ

ಜೈನಬ್ ಬೀ ನಡೆದರೆ ಬಿತ್ತನೆ ಮಾಡಿದಂತೆಯೇ ಕಾಣುತ್ತದೆ. ಎಡಗಾಲಿನ ಹಿಮ್ಮಡಿ ಊರಿ, ಒಂದು ಕ್ಷಣ ತಡೆದು, ಬಲಗಾಲಿನ ಹೆಬ್ಬೆರಳನ್ನು ಎಳೆದುಕೊಂಡು ಮುಂದೆ ಹೋಗುವ ಆ ನಡಿಗೆ ನಮ್ಮ ಗುಬ್ಬಿಯ ಸಂತೆಯಲ್ಲೂ, ತುಮಕೂರಿನ ಶಿರಾ ಗೇಟಿನ ಗದ್ದಲದಲ್ಲೂ ಬದಲಾಗುವುದಿಲ್ಲ. ಅದರ ಅರ್ಥ ತಿಳಿಯುವುದು ಅವರ ಹಿತ್ತಲಿನಲ್ಲಿ. ಹಿಮ್ಮಡಿ ಗುಳಿ ಮಾಡುತ್ತದೆ, ಕೈ ಕಾಳು ಬಿಡುತ್ತದೆ, ಹೆಬ್ಬೆರಳು ಮಣ್ಣು ಮುಚ್ಚುತ್ತದೆ. ಮಂಡಿನೋವು ಬಂದಮೇಲೆ ಬಗ್ಗದೆ ಬಿತ್ತಲು ಅವರೇ ಕಂಡುಕೊಂಡ ದಾರಿ. ಮೈಮೇಲೆ ತೀರಿಹೋದ ಗಂಡನ ಕಂದು ಕೋಟು. ಒಂದು ಜೇಬಿನಲ್ಲಿ ಬೆಂಡೆಬೀಜ, ಇನ್ನೊಂದರಲ್ಲಿ ಹೀರೆಬೀಜ, ಒಳಜೇಬಿನಲ್ಲಿ ಎಲೆಅಡಿಕೆ. ಮಾತಿನ ಭರದಲ್ಲಿ ಎಲೆಯೊಳಗೆ ಹೀರೆಬೀಜ ಮಡಿಸಿ ಪಕ್ಕದ ಮನೆಯ ನನಗೆ ಕೊಟ್ಟದ್ದೂ ಉಂಟು.

ಸಸಿ ತಂದು ನೆಡುವುದು ಅವರಿಗೆ ಆಗದು. ಹುಟ್ಟುವ ಜಾಗದಲ್ಲೇ ಬೀಜ ಊರಬೇಕು. ಕೇಳಿದರೆ, “ಹುಟ್ಟಿದ್ ಕಡೆಯಿಂದ ಕಿತ್ತು ಇನ್ನೊಂದ್ ಕಡೆ ನೆಡೋದ್ಯಾಕಕ್ಕ? ನಾನೊಬ್ಳು ಕುಣಿಗಲ್ ಬಿಟ್ ಬಂದಿರೋದು ಸಾಲ್ದಾ?” ಎಂದು ನಗುತ್ತಾರೆ. ಆ ಕುಣಿಗಲ್ಲಿನ ತವರಿನಿಂದ ಬಂದ ಅವರೆಯ ತಳಿ ಅವರ ಪ್ರಾಣ. ಅಂಥ ಸೊಗಡು ಅಂಗಡಿಯ ಬೀಜಕ್ಕಿಲ್ಲ. ತವರಿನಲ್ಲೂ ಈಗ ಆ ಬೀಜ ಉಳಿದಿಲ್ಲ. ಇದ್ದದ್ದು ಇವರ ಅಡುಗೆಮನೆಯ ಡಬ್ಬಿಯಲ್ಲಿ, ಹುಳ ಹಿಡಿಯದಂತೆ ಒಲೆಯ ಬೂದಿ ಬೆರೆಸಿಟ್ಟದ್ದು ಮಾತ್ರ.

ಹೋದ ಆಷಾಢದಲ್ಲಿ ಹೊಸ ಸೊಸೆ ಜೈಬಾ ಆ ಬೂದಿಯನ್ನು ಕೊಳೆ ಎಂದುಕೊಂಡು, ಚೆನ್ನಾಗಿ ತೊಳೆದು, ಡಬ್ಬಿಯಷ್ಟನ್ನೂ ರಾತ್ರಿ ನೆನೆಹಾಕಿದಳು. ಅತ್ತೆಗೆ ಹಿತಕಿದವರೆ ಸಾರು ಮಾಡಿ ಮೆಚ್ಚಿಸುವ ಆಸೆ. ಬೆಳಿಗ್ಗೆ ಜೈನಬ್ ಬೀ ನೋಡುವಷ್ಟರಲ್ಲಿ ಹುಡುಗಿ ಹಾಡಿಕೊಂಡು ಸಿಪ್ಪೆ ಹಿತಕುತ್ತಿದ್ದಳು. ಹಿತಕದೆ ಉಳಿದದ್ದು ಒಂದು ಹಿಡಿ.

ವಿಷಯ ತಿಳಿದು ಹುಡುಗಿ ಅಳತೊಡಗಿದಳು. “ಬಯ್ದುಬಿಡಿ ಅಮ್ಮೀ.”

“ಬಯ್ಯೋಕೆ ಸಂಜೆ ಟೈಮ್ ಐತೆ. ಈ ಕಾಳಿಗೆ ಟೈಮಿಲ್ಲ, ಏಳು!” ಎಂದವರೇ ಗೋಡೆಯಾಚೆಯಿಂದ ನನ್ನನ್ನು ಕೂಗಿದರು. “ಅಕ್ಕಾ, ಓಡ್ ಬಾ!”

ನೆನೆದು ಉಬ್ಬಿದ ಕಾಳು ಬಲು ಮೆತ್ತಗೆ, ಅದಕ್ಕೆ ಹಿಮ್ಮಡಿಯ ಗುಳಿ ತೀರಾ ಆಳ, ಹೆಬ್ಬೆರಳ ಒತ್ತು ತೀರಾ ಹೆಚ್ಚು. ಕೈಯಿಂದಲೇ ಆಗಬೇಕು. ನಾನು ಒಂದು ರಟ್ಟೆ, ಜೈಬಾ ಇನ್ನೊಂದು ರಟ್ಟೆ ಹಿಡಿದು ಅವರನ್ನು ಮಣ್ಣಿಗಿಳಿಸಿದೆವು. ಬೆರಳಿನ ಒಂದೇ ಗೆಣ್ಣಿನಷ್ಟು ತಗ್ಗು ಮಾಡಿ, ಕಣ್ಣಿರುವ ಮಗ್ಗುಲನ್ನು ಕೆಳಗಿಟ್ಟು, ಉದುರುಮಣ್ಣು ಮುಚ್ಚಿ, ಮಗುವಿಗೆ ಹೊದಿಸಿದಂತೆ ತಟ್ಟಿದರು. ನೀರು ತರಲು ಹೊರಟ ಜೈಬಾಳನ್ನು, “ಕೊಳೆಸ್ತೀಯೇನೇ! ಮಣ್ಣಲ್ಲಿ ಹಸಿ ಐತೆ, ಬುಡು” ಎಂದು ತಡೆದರು. ಮೇಲೇಳಿಸುವಾಗ ಮೂವರೂ ಒಟ್ಟಿಗೆ ಬಿದ್ದೆವು; ಆಗಷ್ಟೇ ಅಳುತ್ತಿದ್ದ ಹುಡುಗಿಯೇ ಮೊದಲು ನಕ್ಕಳು.

ಹಿತಕಿದ್ದು ಸಾರಾಯಿತು. “ಉಣ್ಣಕ್ಕ, ಮುಂದಿನ ವರ್ಷದ್ದನ್ನ ಈಗ್ಲೇ ಉಣ್ತಾ ಇದೀವಿ” ಎಂದು ನನಗೂ ಬಡಿಸಿದರು. ತಮಾಷೆಯ ಮಾತೇ, ಆದರೆ ತುತ್ತು ಕೈಯಲ್ಲಿದ್ದಂತೆಯೇ ಅವರ ಕಣ್ಣು ಹಿತ್ತಲಿಗೆ ಹೋಗುತ್ತಿತ್ತು.

ಆ ವಾರವಿಡೀ ಬೆಳಗಾದರೆ ಅತ್ತೆ-ಸೊಸೆ ಮಣ್ಣಿನ ಮುಂದೆ ಕುಳಿತಿರುತ್ತಿದ್ದರು. ಒಂದು ದಿನ ಜೈಬಾಳ ಕಿರುಚು ಕೇಳಿ ಹಾವೆಂದು ಓಡಿದೆ. ನೋಡಿದರೆ ಮೇಲೆ ಗಟ್ಟಿಯಾದ ಮಣ್ಣನ್ನು ಬೆನ್ನಿನಿಂದ ಎತ್ತಿಕೊಂಡು, ಕತ್ತು ಬಗ್ಗಿಸಿ ಅವರೆ ಮೊಳಕೆ ಮೇಲೇಳುತ್ತಿತ್ತು; ಅದರಾಚೆ ಇನ್ನೊಂದು, ಮತ್ತೊಂದು. ಜೈನಬ್ ಬೀ ಸೊಸೆಯ ಕೆನ್ನೆ ಹಿಂಡಿ, “ಇನ್ಮೇಲೆ ಈ ಬೀಜ ಕಾಯೋಳು ನೀನೇ ಕಣೇ” ಎಂದರು. ಸಂಜೆಗೆಂದು ಇಟ್ಟ ಬೈಗುಳ ಆ ಹುಡುಗಿಗೆ ಇನ್ನೂ ಸಿಕ್ಕಿಲ್ಲ.

ಇಂಥವರಿಗೆ ಕೋಪವಿಲ್ಲವೆಂದಲ್ಲ; ಕೋಪಕ್ಕಿಂತ ಮೊದಲು ಕೆಲಸ ನೆನಪಾಗುತ್ತದೆ. ಹೋದದ್ದಕ್ಕೆ ಅಳುವ ಮುಂಚೆ ಉಳಿದದ್ದನ್ನು ಮಣ್ಣಿಗಿಡುವ ಈ ಜಾತಿಯ ಜನ ಕೇರಿಗೊಬ್ಬರಾದರೂ ಇರುತ್ತಾರೆ. ಅವರ ಪಕ್ಕದಲ್ಲಿ ಮನೆಯಿದ್ದವರಿಗೆ ಚಳಿಗಾಲದಲ್ಲಿ ಅವರೆಕಾಯಿಗೂ ಕೊರತೆಯಿಲ್ಲ, ನಗುವಿಗೂ ಕೊರತೆಯಿಲ್ಲ.