ಗೋಡೆಯ ಮೇಲಿನ ಇಂದ್ರಾಬಾಯಿ

ತಾನಿನ್ನೂ ಬದುಕಿದ್ದೇನೆ ಎಂದು ಯಂಕಂಚಿಯ ಇಂದ್ರಾಬಾಯಿ ಮನೆಗೆ ಬಂದವರಿಗೆಲ್ಲ ಸಾರಿ ಹೇಳಬೇಕಾಗಿ ಬಂದದ್ದು ಮಗನ ಮಾತೃಭಕ್ತಿಯಿಂದ. ಎಸ್‌ಟಿಡಿ ಬೂತು ನಡೆಸುವ ಮಗ ಸಿದ್ಧರಾಮ, ತಾಯಿಗೆ ಅರವತ್ತು ತುಂಬಿತೆಂದು ಸಿಂದಗಿಯ ಪೇಂಟರ್ ಮೋದಿನಸಾಬನಿಂದ ಅವಳ ಚಿತ್ರ ಬರೆಸಿದ. ಕಟ್ಟು ಹಾಕಿಸಿದಾಗ ಗಂಧದ ಚಕ್ಕೆಯ ಮಾಲೆಯೊಂದು ಪುಕ್ಕಟೆ ಬಂತು. ಪುಕ್ಕಟೆ ಬಂದದ್ದನ್ನು ಬಿಡುವ ಜಾಯಮಾನ ಅವನದಲ್ಲ. ಅದನ್ನೂ ಚಿತ್ರಕ್ಕೆ ಹಾಕಿ ಪಡಸಾಲೆಯಲ್ಲಿ ತೂಗುಹಾಕಿದ.

"ತಗಿಯಪಾ ಅದನ್ನ, ಇನ್ನಾ ಜೀವಂತ ಅದೀನಿ," ಎಂದಳು.

"ಇರಲಿ ಬಿಡವ್ವಾ, ಚಂದ ಕಾಣತೈತಿ."

ಅಂದಿನಿಂದ ಬಂದವರೆಲ್ಲ ಚಿತ್ರದ ಮುಖ ಓದುವವರೇ. ಒಬ್ಬರಿಗೆ ಅಲ್ಲಿ ಶಾಂತಿ ಕಂಡಿತು, ಇನ್ನೊಬ್ಬರಿಗೆ ವೈರಾಗ್ಯ. ನಿಜ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ: ಮೋದಿನಸಾಬನ ಎದುರು ಮುಂಜಾನೆಯಿಂದ ಕುಳಿತು ಸೊಂಟ ಹಿಡಿದು, ಹಲ್ಲು ಕಚ್ಚಿಕೊಂಡಿದ್ದಳು. ಚಹಾ ತಂದಿಟ್ಟವಳನ್ನು ಬಿಟ್ಟು ಗೋಡೆಯನ್ನೇ ನೋಡುವ ಈ ಜನರಿಂದ ಅವಳ ತಲೆ ಚಿಟ್ಟು ಹಿಡಿದುಹೋಯಿತು.

ಮುಳವಾಡದ ನೆಂಟ ಸೋಮನಿಂಗನಂತೂ ಲಗ್ನಪತ್ರಿಕೆ ಕೊಡಲು ಬಂದವನು, ಹಿತ್ತಿಲಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅವಳನ್ನು ಒಂದು ಸಲ ಕೂಗಲೂ ಇಲ್ಲ. ಮಾಲೆ ನೋಡಿದ, ಕೈಮುಗಿದ, ಸೂತಕದ ಮನೆಗೆ ಶುಭಪತ್ರಿಕೆ ಬೇಡವೆಂದು ಅದನ್ನು ಜೇಬಿಗಿಳಿಸಿ ದೇವಣಗಾಂವದ ಬಸ್ಸು ಹತ್ತಿದ. ಇದೆಲ್ಲ ಅವಳಿಗೆ ತಿಳಿದದ್ದು ಆಮೇಲೆ.

ದೇವಣಗಾಂವ ಅವಳ ತಂಗಿ ಲಕ್ಕವ್ವನನ್ನು ಕೊಟ್ಟ ಊರು. ಲಕ್ಕವ್ವನ ಮಗನ ಮದುವೆಯಲ್ಲಿ ಬೀಗರೆದುರಿಗೇ "ಹೋಳಿಗ್ಯಾಗ ಹೂರಣ ಎಲ್ಲೈತಿ?" ಎಂದುಬಿಟ್ಟಿದ್ದಳು ಇಂದ್ರಾಬಾಯಿ. ಅಂದು ತಂಗಿ ಮಾತು ಬಿಟ್ಟವಳು, ಎಷ್ಟು ಸಲ ಹೇಳಿ ಕಳಿಸಿದರೂ ಬಂದಿರಲಿಲ್ಲ. ಇದ್ದೊಬ್ಬ ತಂಗಿ. ಹಬ್ಬ ಬಂತೆಂದರೆ ಇಂದ್ರಾಬಾಯಿ ದೇವಣಗಾಂವದ ಬಸ್ಸಿನ ದಾರಿ ಕಾಯುತ್ತಿದ್ದಳು.

ಮರುದಿನ ಪಡಸಾಲೆಯಲ್ಲಿ ಅಳು ಕೇಳಿ ಅಡುಗೆಮನೆಯಿಂದ ಇಣುಕಿದರೆ, ಲಕ್ಕವ್ವ ಚಿತ್ರದ ಮುಂದೆ ಕುಸಿದು ಕುಳಿತಿದ್ದಳು.

"ಮಾರಿ ನೋಡ ನಿಂದು! ಹೋಗೂಮುಂದನೂ ಸಿಟ್ಟ ಬಿಡಲಿಲ್ಲೇನ ಯಕ್ಕಾ? ಅವತ್ತ ಒಲಿ ಮುಂದ ನಾ ಒಬ್ಬಾಕೀನ ಇದ್ದೆ. ಹಂದರದಾಗ ಕುಂತು ಹೆಸರಿಡೂ ಬದಲಿ ಒಳಗ ಬಂದು ನಾಕು ಹೋಳಿಗಿ ಲಟ್ಟಿಸಿದ್ದರ ನಾ ಯಾಕ ಮಾತ ಬಿಡ್ತಿದ್ದೆ? ಅವ್ವ ಇಲ್ಲದಾಕಿಗೆ ನೀನ ಅವ್ವ ಆಗಿದ್ದಿ..."

ಇಂದ್ರಾಬಾಯಿಗೆ ತಡೆಯಲಾಗಲಿಲ್ಲ. ಹೊರಗೆ ಬಂದೇಬಿಟ್ಟಳು. "ಸತ್ತಿಲ್ಲ ನಾನು! ಅದು ಸಿಟ್ಟಲ್ಲ, ಸೊಂಟನೋವು!"

ಲಕ್ಕವ್ವ ಕಿಟ್ಟನೆ ಚೀರಿದಳು. ಆಮೇಲೆ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು, ಚೀಲ ಎತ್ತಿ ಬಾಗಿಲಿಗೆ ನಡೆದಳು.

"ನಿಲ್ಲ! ಗ್ವಾಡಿ ಮ್ಯಾಲಿನಾಕಿ ಕೂಡ ಇಷ್ಟೊತ್ತು ಮಾತಾಡಿದಿ. ನನ್ನ ಕೂಡ ಆಡಾಕ ಏನ ಧಾಡಿ?"

ಲಕ್ಕವ್ವ ಹೊಸ್ತಿಲಲ್ಲಿ ತಿರುಗಿದಳು. "ಅಕಿ ನಡುವ ಬಾಯಿ ಹಾಕೂದಿಲ್ಲ, ಯಕ್ಕಾ."

ಇಂದ್ರಾಬಾಯಿಯ ನಾಲಿಗೆಯ ತುದಿಗೆ ಜವಾಬು ಬಂದೇ ಬಂತು. ಅದನ್ನು ನುಂಗಿ, ಚಿತ್ರದ ಕೆಳಗೆ ಗೋಡೆಗೆ ಒರಗಿ ಕುಳಿತಳು. ಲಕ್ಕವ್ವ ಚೀಲ ಕೆಳಗಿಟ್ಟು, ಹೋಳಿಗೆಯ ಮಾತನ್ನು ಮೊದಲಿನಿಂದ ಶುರುಮಾಡಿದಳು.