ಹೆಂಗಸರ ಕೋಣೆಯ ಬೋರ್ಡು

ಪೇಟೆಯ ಹಳೇ ಸಬ್‌ಜೈಲು ಈಗ ಮ್ಯೂಸಿಯಂ ಆಗಿದೆ, ಹೆಂಗಸರ ಕೋಣೆಯಲ್ಲಿ ನಿಮ್ಮ ಫೋಟೋ ಹಾಕಿದ್ದಾರೆ ಎಂದು ಮೊಮ್ಮಗಳು ಪ್ರೀತಿಕಾ ಹೇಳಿದ ಮರುದಿನವೇ ಪಂಕಜಾಕ್ಷಿ ಕುಂಬ್ರದಿಂದ ಬಸ್ಸು ಹತ್ತಿದರು. ಜೊತೆಗೆ ನೆರೆಮನೆಯ ಕದೀಜಮ್ಮ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಮೂವತ್ತೆಂಟು ವರ್ಷದ ಹಿಂದೆ ಸಾರಾಯಿ ಅಂಗಡಿ ಒಡೆದದ್ದಕ್ಕೆ ಇಬ್ಬರೂ ಅದೇ ಕೋಣೆಯಲ್ಲಿ ಹನ್ನೊಂದು ದಿನ ಇದ್ದವರು.

ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಫೋಟೋದ ಕೆಳಗೆ ಹೀಗೆ ಬರೆದಿತ್ತು: ‘ಗಲಭೆಯಲ್ಲಿ ತಪ್ಪಾಗಿ ಬಂಧಿತರಾದ ಅಮಾಯಕ ಮಹಿಳೆಯರು.’

ಪಂಕಜಾಕ್ಷಿ ಎರಡು ಸಲ ಓದಿದರು. ಮುಖ ಕೆಂಪಾಯಿತು.

“ಇದನ್ನು ಬರೆದದ್ದು ಯಾರು?”

ಮ್ಯೂಸಿಯಂ ನೋಡಿಕೊಳ್ಳುವ ಹರಿಪ್ರಸಾದ್ ಓಡಿ ಬಂದ. “ನಾನೇ ಅಮ್ಮ. ನಿಮ್ಮ ಮರ್ಯಾದೆ ಉಳಿಯಲಿ ಅಂತ...”

“ಮರ್ಯಾದೆಯಾ? ನಾವು ಗೊತ್ತಿದ್ದೇ ಒಡೆದದ್ದು ಮಾರಾಯ. ಬಾಗಿಲಿಗೆ ಮೊದಲ ಏಟು ನನ್ನದು. ಪೀಪಾಯಿ ಉರುಳಿಸಿದ್ದು ಇವರು. ನನ್ನ ಗಂಡ ಒಳಗೇ ಕೂತಿದ್ದರು, ಅವರ ಗ್ಲಾಸನ್ನೂ ಬಿಡಲಿಲ್ಲ.”

“ಬೋರ್ಡು ಪ್ರಿಂಟಾಗಿ ಬಂದಾಯ್ತು. ಇನ್ನು ಬದಲಿಸುದು ಕಷ್ಟ.”

“ಹಾಗಾದ್ರೆ ನಾವು ಇಲ್ಲಿಯೇ ಇರ್ತೇವೆ. ಅಭ್ಯಾಸ ಉಂಟು.”

ಪಂಕಜಾಕ್ಷಿ ನೆಲದ ಮೇಲೆ ಕೂತೇಬಿಟ್ಟರು. ಕದೀಜಮ್ಮ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಹರಿಪ್ರಸಾದ್ ಕೈ ಮುಗಿದ, ಚಾ ತರಿಸಿದ. ಚಾ ಕುಡಿದರು, ಏಳಲಿಲ್ಲ.

ಅಷ್ಟರಲ್ಲಿ ಕಾಲೇಜಿನ ಹುಡುಗಿಯರ ಒಂದು ಗುಂಪು ಬಂತು. ಎಂತ ಆಯ್ತು ಅಜ್ಜಿ ಎಂದು ಕೇಳಿದರು. ಕದೀಜಮ್ಮ ಹೇಳಿದರು: “ತಪ್ಪಾಯ್ತು ಅಂತ ಬರೆದುಕೊಟ್ಟರೆ ಈಗಲೇ ಬಿಡ್ತೇವೆ ಅಂದಿದ್ರು ಪೊಲೀಸರು. ನನ್ನ ಮಗುವಿಗೆ ಆಗ ಎರಡು ವರ್ಷ, ಮನೆಯಲ್ಲಿ ಅಳ್ತಾ ಇತ್ತು. ಆದ್ರೂ ಬರೆದುಕೊಡಲಿಲ್ಲ. ಅದಕ್ಕೇ ಹನ್ನೊಂದು ದಿನ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹರಿಪ್ರಸಾದ್ ಒಳಗೆ ಬಂದು ಬೋರ್ಡನ್ನು ಕಿತ್ತು ಗೋಡೆಗೆ ಮುಖ ಮಾಡಿ ಇಟ್ಟ. ಕಿಸೆಯಿಂದ ಪೆನ್ನು ತೆಗೆದ.

“ಎಂತ ಬರೀಬೇಕು, ಹೇಳಿ.”

“ಸಾರಾಯಿ ಅಂಗಡಿ ಒಡೆದರು. ತಪ್ಪಾಯ್ತು ಅನ್ನಲಿಲ್ಲ. ಅಷ್ಟೇ,” ಎಂದರು ಪಂಕಜಾಕ್ಷಿ.

“ಆಮೇಲೆ ಅಂಗಡಿ ಮುಚ್ಚಿತಾ?” ಹರಿಪ್ರಸಾದ್ ಬರೆಯುತ್ತಾ ಕೇಳಿದ.

“ಎಲ್ಲಿ ಮುಚ್ಚುದು! ಮತ್ತೆ ತೆರೆದರು,” ಕದೀಜಮ್ಮ ಗೋಡೆ ಹಿಡಿದು ಎದ್ದರು. “ನಾವು ಮತ್ತೆ ಒಡೆದೆವು. ಅದನ್ನೂ ಬರೀರಿ.”

ಹರಿಪ್ರಸಾದ್ ಅದನ್ನೂ ಬರೆದುಕೊಂಡ.